ಮಸಾರಿ ಹೊಲದ ತಳದಲ್ಲಿ ಸೋಡಿಯಂ: ನಾಲೆ ನಿಂತ ಬೇಸಿಗೆಯಲ್ಲಿ ಮಾನ್ವಿ–ದೇವದುರ್ಗದ ರೈತರು ಮಾಡಬೇಕಾದ ಲೆಕ್ಕ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಕೆಲವೇ ದಿನಗಳಲ್ಲಿ ತಾತ್ಕಾಲಿಕ ಗೇಟ್ ಅಳವಡಿಸಿ ನೀರನ್ನು ತಡೆಯಲಾಯಿತಾದರೂ, ಎಲ್ಲ 33 ಗೇಟುಗಳ ಬಾಳಿಕೆಯ ಪ್ರಶ್ನೆ ಮುನ್ನೆಲೆಗೆ ಬಂದಿತು. ಗೇಟುಗಳ ಬದಲಾವಣೆಗಾಗಿ 2025–26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವೂ ಆಯಿತು. ಎಡದಂಡೆ ನಾಲೆಯ ಅಚ್ಚುಕಟ್ಟಿನಲ್ಲಿ, ಅದರಲ್ಲಿಯೂ ನಾಲೆಯ ಕೆಳಭಾಗದ ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳಲ್ಲಿ, ಅಂದಿನಿಂದ ನಡೆದಿರುವ ಚರ್ಚೆಯೆಲ್ಲ ಎಷ್ಟು ಟಿ.ಎಂ.ಸಿ. ನೀರು, ಯಾವ ತಾರೀಖಿನವರೆಗೆ ಎಂಬುದರ ಸುತ್ತಲೇ ಇದೆ. ಅದು ಸಹಜವೂ ಹೌದು. ಒಂದು ಬೆಳೆ ಕೈತಪ್ಪಿದ ಕುಟುಂಬಕ್ಕೆ ನೀರಿನ ಹೊರತು ಬೇರೆ ಮಾತು ರುಚಿಸುವುದಿಲ್ಲ.

ಆದರೂ ನಾಲೆ ಮುಚ್ಚಿರುವ ತಿಂಗಳುಗಳಲ್ಲಿ ಕೇಳಿಕೊಳ್ಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ನೀರು ಮರಳಿ ಬಂದಾಗ ಅದನ್ನು ಕುಡಿಯುವ ಸ್ಥಿತಿಯಲ್ಲಿ ನಿಮ್ಮ ಮಣ್ಣು ಇದೆಯೇ? ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು–ಜವಳಿಗೆ ತುತ್ತಾದ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಅಂದಾಜು ಬಹುಕಾಲದಿಂದ ಉಲ್ಲೇಖವಾಗುತ್ತಿದೆ. ಈ ಅಂಕಿಯನ್ನು ಕೇಳಿದೊಡನೆ ಕಣ್ಣಮುಂದೆ ಬರುವುದು ಬಿಳಿ ಪುಡಿ ಮೇಲೆದ್ದ ಎರೆ ಭೂಮಿ. ಈ ಲೇಖನದ ವಿಷಯ ಅಷ್ಟಾಗಿ ಕಣ್ಣಿಗೆ ಬೀಳದ ಇನ್ನೊಂದು ಭೂಮಿ: ಮೇಲೆ ಮರಳುಮಿಶ್ರಿತ ಗೋಡು ಮಣ್ಣು, ಅಂದರೆ ನಮ್ಮ ಭಾಗದ ಮಸಾರಿ, ಕೆಳಗೆ ಸೋಡಿಯಂ ಹಿಡಿದ ಗಟ್ಟಿ ಜೇಡಿ ಪದರ.

ಸವಳು ಬೇರೆ, ಕ್ಷಾರ ಬೇರೆ

ಆಡುಮಾತಿನಲ್ಲಿ ಎರಡನ್ನೂ ಸವಳು ಎಂದೇ ಕರೆಯುವುದರಿಂದ ಉಪಚಾರ ತಪ್ಪುತ್ತದೆ. ಸವಳು ಮಣ್ಣಿನಲ್ಲಿ ಕರಗುವ ಲವಣಗಳು ಹೆಚ್ಚು. ಮಣ್ಣಿನ ಸಂತೃಪ್ತ ದ್ರಾವಣದ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 4 ಡೆಸಿಸೈಮನ್ಸ್ ದಾಟಿರುತ್ತದೆ. ಇಂಥ ಮಣ್ಣಿನ ಕಣಗಳ ರಚನೆ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಬಸಿಗಾಲುವೆ ಮಾಡಿ ಸಿಹಿನೀರು ಹಾಯಿಸಿದರೆ ಲವಣ ತೊಳೆದುಹೋಗುತ್ತದೆ.

ಕ್ಷಾರ ಮಣ್ಣಿನ, ಅಂದರೆ ಕರಲು ಭೂಮಿಯ ಕಾಯಿಲೆ ಬೇರೆ ಬಗೆಯದು. ಅಲ್ಲಿ ಸೋಡಿಯಂ ನೀರಿನಲ್ಲಿ ಕರಗಿ ನಿಂತಿಲ್ಲ. ಜೇಡಿ ಕಣಗಳ ಮೈಗೇ ಅಂಟಿಕೊಂಡಿದೆ. ಜೇಡಿಯು ಹಿಡಿದಿಟ್ಟ ಒಟ್ಟು ಧನ ಅಯಾನುಗಳಲ್ಲಿ ಸೋಡಿಯಂ ಪಾಲು ಶೇ. 15ನ್ನು ಮೀರಿದರೆ ಕ್ಷಾರ ಮಣ್ಣೆಂದು ಗುರುತಿಸುವುದು ವಾಡಿಕೆ. ಆಸ್ಟ್ರೇಲಿಯಾದ ಮಣ್ಣುವಿಜ್ಞಾನಿಗಳು ಶೇ. 6ಕ್ಕೇ ಎಚ್ಚರಿಕೆಯ ಗೆರೆ ಎಳೆದಿದ್ದಾರೆ. ಕ್ಯಾಲ್ಸಿಯಂ ಕಣಗಳನ್ನು ಒಂದಕ್ಕೊಂದು ಹತ್ತಿರ ಹಿಡಿದಿಡುತ್ತದೆ. ಸೋಡಿಯಂ ಹೆಚ್ಚಾದಾಗ ಅದೇ ಕಣಗಳು ನೀರು ತಗುಲಿದೊಡನೆ ಉಬ್ಬಿ, ಬಿಡಿಬಿಡಿಯಾಗಿ ಚದುರಿ, ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗುವುದು ನಿಲ್ಲುತ್ತದೆ.

ಇಲ್ಲಿಯೇ ಅಪಾಯವಿರುವುದು. ಸವಳಿಗೆ ಮದ್ದಾದ ಸಿಹಿನೀರು ಕ್ಷಾರಕ್ಕೆ ವಿಷ. ನೀರಿನಲ್ಲಿ ಲವಣ ಕಡಿಮೆಯಿದ್ದಷ್ಟೂ ಸೋಡಿಯಂ ಹಿಡಿದ ಜೇಡಿ ಹೆಚ್ಚು ಚದುರುತ್ತದೆ. ತುಂಗಭದ್ರೆಯ ನಾಲೆ ನೀರು ಲವಣ ಕಡಿಮೆಯಿರುವ ಒಳ್ಳೆಯ ನೀರು. ಮಳೆಯ ನೀರು ಅದಕ್ಕಿಂತಲೂ ಶುದ್ಧ. ಜಿಪ್ಸಂ ಹಾಕದೆ ಕರಲು ಭೂಮಿಯನ್ನು ಇಂಥ ನೀರಿನಿಂದ ತೊಳೆಯಲು ಹೊರಟರೆ ಇದ್ದಬದ್ದ ಲವಣವಷ್ಟೇ ಹೋಗಿ, ಸೋಡಿಯಂ ಅಲ್ಲೇ ಉಳಿದು, ಮಣ್ಣು ಮೊದಲಿಗಿಂತ ಬಿಗಿಯಾಗುತ್ತದೆ.

ಮಸಾರಿಯ ಒಳಪದರ

ಎರೆ ಭೂಮಿಯ ರೈತರಿಗೆ ಕ್ಷಾರದ ಲಕ್ಷಣಗಳು ಪರಿಚಿತ. ಮಸಾರಿಯಲ್ಲಿ ಅವು ಮರೆಯಾಗಿರುತ್ತವೆ. ಮೇಲಿನ ಅರ್ಧ ಅಥವಾ ಮುಕ್ಕಾಲು ಅಡಿ ಮಣ್ಣು ಹಗುರ; ಕುಂಟೆ ಸಲೀಸಾಗಿ ಓಡುತ್ತದೆ; ನೀರು ಬೇಗ ಇಂಗಿದಂತೆ ತೋರುತ್ತದೆ. ಹಾಗಾಗಿ ‘ಮಸಾರಿಗೆ ಕರಲು ಹತ್ತುವುದಿಲ್ಲ’ ಎಂಬ ನಂಬಿಕೆ ಬೆಳೆದಿದೆ. ಆದರೆ ಇಂಗಿದ ನೀರು ಕೆಳಗಿನ ಜೇಡಿ ಪದರಕ್ಕೆ ತಾಗಿ ಅಲ್ಲೇ ನಿಂತಿರುತ್ತದೆ. ಹತ್ತಿಯ ತಾಯಿಬೇರು ನೆಟ್ಟಗೆ ಇಳಿದು ಆ ಪದರದ ಮೇಲೆ ಅಡ್ಡಡ್ಡ ತಿರುಗುತ್ತದೆ. ತೊಗರಿ ಮಳೆಯಾದ ನಾಲ್ಕೈದು ದಿನಕ್ಕೆ ಹಳದಿಯಾಗುತ್ತದೆ. ಮಳೆ ಹೋಗಿ ಹತ್ತು ದಿನಕ್ಕೆ ಅದೇ ಹೊಲ ನೀರಿಲ್ಲದೆ ಬಾಡುತ್ತದೆ. ಒಂದೇ ಹೊಲದಲ್ಲಿ ಬೆಳೆ ಅಲೆಅಲೆಯಾಗಿ, ಒಂದು ಕಡೆ ಎದೆಮಟ್ಟ, ಇನ್ನೊಂದು ಕಡೆ ಮೊಳಕಾಲುಮಟ್ಟ ಇದ್ದರೆ ಗೊಬ್ಬರದ ಕೊರತೆಗಿಂತ ಮೊದಲು ಈ ಪದರವನ್ನು ಶಂಕಿಸಬೇಕು.

ಜಗತ್ತಿನ ಬೇರೆಡೆಯೂ ಇಂಥ ಮಣ್ಣುಗಳಿವೆ. ಕೆನಡಾದ ಆಲ್ಬರ್ಟಾ ಮತ್ತು ಸಸ್ಕಾಚೆವಾನ್ ಪ್ರಾಂತಗಳ ಹುಲ್ಲುಬಯಲುಗಳಲ್ಲಿ ಲಕ್ಷಾಂತರ ಹೆಕ್ಟೇರ್ ಪ್ರದೇಶದ ಮಣ್ಣನ್ನು ರಷ್ಯನ್ ಮೂಲದ ‘ಸೊಲೊನೆಟ್ಸ್’ ಎಂಬ ಹೆಸರಿನಿಂದ ಕರೆಯುತ್ತಾರೆ. ಹಗುರ ಮೇಲ್ಮಣ್ಣಿನ ಕೆಳಗೆ, ತಲೆ ಗುಂಡಾದ ಕಂಬಗಳನ್ನು ಒತ್ತಾಗಿ ನಿಲ್ಲಿಸಿದಂಥ ಗಟ್ಟಿ ಜೇಡಿ ಪದರ ಅದರ ಗುರುತು. ಅಲ್ಲಿ ಇನ್ನೂ ಆಳದಲ್ಲಿ ಸುಣ್ಣ ಮತ್ತು ಜಿಪ್ಸಂ ಇದ್ದ ಹೊಲಗಳಲ್ಲಿ ಆಳವಾಗಿ ಉತ್ತು, ತಳದ ಕ್ಯಾಲ್ಸಿಯಂ ಅನ್ನು ಗಟ್ಟಿ ಪದರದೊಂದಿಗೆ ಬೆರೆಸಿ ಸುಧಾರಣೆ ಸಾಧಿಸಿದ್ದಾರೆ. ಆ ಹವಾಮಾನ ಬೇರೆ, ಮಣ್ಣು ರೂಪುಗೊಂಡ ಬಗೆ ಬೇರೆ. ಆದರೆ ಆಳವಾಗಿ ಉಳುವ ಮೊದಲು ತಳದಲ್ಲಿ ಏನಿದೆಯೆಂದು ನೋಡಿಕೊಳ್ಳಬೇಕೆಂಬ ಪಾಠ ನಮಗೂ ಅನ್ವಯಿಸುತ್ತದೆ. ತಳದಲ್ಲಿ ಸುಣ್ಣವಿಲ್ಲದೆ ಬರಿಯ ಸೋಡಿಯಂ ಜೇಡಿಯಿದ್ದರೆ, ಆಳವಾದ ಉಳುಮೆ ರೋಗವನ್ನು ಮೇಲಕ್ಕೆ ತಂದು ಹಾಕಿದಂತೆ.

ಇದೇ ಕಾರಣಕ್ಕೆ, ಭತ್ತದ ಗದ್ದೆ ಮಾಡಲು ಮಸಾರಿ ಹೊಲಗಳನ್ನು ಯಂತ್ರದಿಂದ ಸಮತಟ್ಟುಗೊಳಿಸುವಾಗ ಜಾಗ್ರತೆ ಬೇಕು. ಎತ್ತರದ ಭಾಗದಲ್ಲಿ ಒಂದು ಅಡಿ ಕೆತ್ತಿದರೆ ಹಗುರ ಮಣ್ಣೆಲ್ಲ ತಗ್ಗಿಗೆ ಹೋಗಿ, ಕರಲು ಪದರ ಬರಿಮೈಯಾಗುತ್ತದೆ. ಸಮತಟ್ಟು ಮಾಡಿದ ವರ್ಷದಿಂದ ಗದ್ದೆಯ ಒಂದು ಮೂಲೆಯಲ್ಲಿ ಪೈರು ಏಳುತ್ತಿಲ್ಲವೆಂದರೆ ಕಾರಣ ಬಹುಪಾಲು ಇದೇ ಆಗಿರುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿ. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಗಾಳಿ, ನೀರು, ಹಾಕಿದ ಜಿಪ್ಸಂ ಒಂದಿಷ್ಟು ಕೆಳಗಿಳಿಯುತ್ತವೆ. ಮಸಾರಿ ಹಾಗೆ ಬಿರಿಯುವುದಿಲ್ಲ. ಒಣಗಿದಾಗ ಇಟ್ಟಿಗೆಯಂತೆ ಬಿಗಿಯುತ್ತದೆ. ಅದರಲ್ಲಿ ಜೇಡಿ ಕಡಿಮೆಯಿದ್ದರೂ, ಇರುವ ಅಲ್ಪ ಜೇಡಿ ಚದುರಿ ಮರಳಿನ ಕಣಗಳ ನಡುವಿನ ಸಂದುಗಳನ್ನು ತುಂಬಿದರೆ ಸಾಕು. ಕೂರಿಗೆ ಭತ್ತ ಬಿತ್ತುವವರು ಮೊದಲ ಮಳೆಯ ನಂತರದ ಹೆಪ್ಪಿನಿಂದ ಮೊಳಕೆ ಮೇಲೇಳದೆ ಎರಡನೇ ಸಲ ಬಿತ್ತಬೇಕಾಗುವುದಕ್ಕೆ ಇದೂ ಒಂದು ಕಾರಣ.

ಈ ಸೋಡಿಯಂ ಬಂದದ್ದೆಲ್ಲಿಂದ?

ಕೃಷ್ಣಾ–ತುಂಗಭದ್ರೆಯರ ನಡುವಿನ ರಾಯಚೂರು ದೋಆಬಿನ ತಳಬಂಡೆ ಬಹುತೇಕ ಗ್ರಾನೈಟ್ ಮತ್ತು ನೈಸ್. ಈ ಶಿಲೆಗಳ ಖನಿಜಗಳು ಶಿಥಿಲವಾದಾಗ ಸೋಡಿಯಂ ಮತ್ತು ಬೈಕಾರ್ಬೊನೇಟ್ ಬಿಡುಗಡೆಯಾಗುತ್ತವೆ. ವರ್ಷಕ್ಕೆ 600–650 ಮಿ.ಮೀ. ಮಳೆಯ ನಮ್ಮ ಸೀಮೆಯಲ್ಲಿ ಅವು ಪೂರ್ತಿ ತೊಳೆದುಹೋಗುವುದಿಲ್ಲ. ನೀರು ಆವಿಯಾಗುತ್ತ ಹೋದಂತೆ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಮಣ್ಣಿನಲ್ಲಿ ಕೂರುತ್ತದೆ. ದ್ರಾವಣದಲ್ಲಿ ಸೋಡಿಯಂ ಮೇಲುಗೈ ಪಡೆಯುತ್ತದೆ. ಇದು ಪ್ರಕೃತಿಯ ಕೆಲಸ. ಸಾವಿರಾರು ವರ್ಷಗಳಿಂದ ನಿಧಾನವಾಗಿ ನಡೆದದ್ದು.

ಅದಕ್ಕೆ ವೇಗ ಕೊಟ್ಟದ್ದು ನೀರಾವರಿಯ ಬಳಕೆಯ ರೀತಿ. 1953ರಲ್ಲಿ ನೀರು ಹರಿಸಲು ಆರಂಭಿಸಿದ ತುಂಗಭದ್ರಾ ಯೋಜನೆಯ ಮೂಲ ಕಲ್ಪನೆ, ಹೆಚ್ಚು ಪ್ರದೇಶಕ್ಕೆ ತೆಳು ನೀರಾವರಿ ಒದಗಿಸಿ ಬರದಿಂದ ರಕ್ಷಿಸುವುದಾಗಿತ್ತು. ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ದೊಡ್ಡ ಪಾಲು. ಭತ್ತಕ್ಕೆ ಚಿಕ್ಕ ಪಾಲು. ಕಾಲಕ್ರಮೇಣ ನಾಲೆಯ ಮೇಲ್ಭಾಗದಲ್ಲಿ ಭತ್ತವೇ ಭತ್ತವಾಯಿತು. ಎತ್ತರದ ಮಸಾರಿಯಲ್ಲಿ ನಿಲ್ಲಿಸಿದ ನೀರು ಒಳಗೊಳಗೇ ಇಳಿದು, ದಾರಿಯಲ್ಲಿ ಸೋಡಿಯಂ ಮತ್ತು ಬೈಕಾರ್ಬೊನೇಟನ್ನು ಹೊತ್ತು, ತಗ್ಗಿನ ಹೊಲದಲ್ಲಿ ಮೇಲೇಳುತ್ತದೆ. ಮೇಲಿನವನು ಭತ್ತ ಬೆಳೆಯುತ್ತಾನೆ. ಕೆಳಗಿನವನ ಹೊಲ ಕರಲಾಗುತ್ತದೆ. ನಾಲೆಯ ತುದಿಯ ರೈತನಿಗೆ ಕಾಲಕ್ಕೆ ಸರಿಯಾಗಿ ನಾಲೆ ನೀರು ಸಿಗುವುದಿಲ್ಲ. ಬೇಡದ ಬಸಿನೀರು ಮಾತ್ರ ತಪ್ಪದೆ ಸಿಗುತ್ತದೆ.

ಆರೋಗ್ಯ ಚೀಟಿಯಲ್ಲಿ ಇಲ್ಲದ ಅಂಕಿ

2015ರ ಫೆಬ್ರುವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಿಂದ ಬಹಳಷ್ಟು ರೈತರ ಕೈಗೆ ಮಣ್ಣಿನ ವರದಿ ತಲುಪಿದೆ. ಅದರಲ್ಲಿ 12 ಅಂಶಗಳಿರುತ್ತವೆ: ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ ಮತ್ತು ಐದು ಲಘು ಪೋಷಕಾಂಶಗಳು. ಗೊಬ್ಬರದ ಲೆಕ್ಕಕ್ಕೆ ಇದು ಉಪಯುಕ್ತ. ಆದರೆ ಜೇಡಿಗೆ ಅಂಟಿದ ಸೋಡಿಯಂ ಎಷ್ಟು, ಎಷ್ಟು ಜಿಪ್ಸಂ ಬೇಕು ಎಂಬ ಎರಡು ಅಂಕಿಗಳು ಆ ಪಟ್ಟಿಯಲ್ಲಿಲ್ಲ. ಮಾದರಿಯನ್ನು ತೆಗೆಯುವುದೂ ಮೇಲಿನ ಒಂದು ಗೇಣು ಮಣ್ಣಿನಿಂದ. ಮಸಾರಿಯ ರೋಗವಿರುವುದು ಅದರ ಕೆಳಗೆ. ಹೀಗಾಗಿ ಚೀಟಿಯಲ್ಲಿ ‘ರಸಸಾರ 8.1, ಲವಣಾಂಶ ಸಾಮಾನ್ಯ’ ಎಂದಿದ್ದರೂ ಒಂದೂವರೆ ಅಡಿ ಕೆಳಗೆ ಕರಲು ಪದರ ಇರಬಹುದು.

ಪ್ರಯೋಗಾಲಯಕ್ಕೆ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬೆಳೆ ಕುಂಠಿತವಾಗುವ ಜಾಗದಲ್ಲಿ ಮೂರು ಅಡಿ ಆಳದ ಗುಂಡಿ ತೆಗೆಯಿರಿ. ಪ್ರತಿ ಅರ್ಧ ಅಡಿಗೊಂದು ಒಣಗಿದ ಹೆಂಟೆಯನ್ನು, ಕಡಲೆಕಾಳಿನ ಗಾತ್ರದಲ್ಲಿ, ಬೇರೆ ಬೇರೆ ಗಾಜಿನ ಲೋಟಗಳಲ್ಲಿ ಹಾಕಿ. ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಬಳಸುವ ಶುದ್ಧ ನೀರು ಇರಲಿ. ಬೋರ್‌ವೆಲ್ ನೀರು ಬೇಡ, ಅದರ ಲವಣ ಫಲಿತಾಂಶವನ್ನು ಮರೆಮಾಚುತ್ತದೆ. ಅಲುಗಾಡಿಸದೆ ಎರಡು ಗಂಟೆ ಬಿಡಿ. ಹೆಂಟೆ ಕುಸಿದರೂ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಹಾಲಿನಂತೆ ಮಬ್ಬು ಹರಡಿದರೆ ಆ ಪದರದಲ್ಲಿ ಸೋಡಿಯಂ ಇದೆಯೆಂದು ಬಲವಾಗಿ ಶಂಕಿಸಬಹುದು. ಯಾವ ಆಳದ ಲೋಟ ಮಬ್ಬಾಯಿತೆಂಬುದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಮುಂದಿನ ನಿರ್ಧಾರಗಳೆಲ್ಲ ಅದನ್ನು ಅವಲಂಬಿಸಿವೆ.

ಅನಂತರ 0–15, 15–30, 30–60 ಮತ್ತು 60–90 ಸೆಂ.ಮೀ. ಆಳದ ಮಾದರಿಗಳನ್ನು ಪ್ರತ್ಯೇಕ ಚೀಲಗಳಲ್ಲಿ ಪ್ರಯೋಗಾಲಯಕ್ಕೆ ತಂದು, ‘ವಿನಿಮಯ ಸೋಡಿಯಂ ಮತ್ತು ಜಿಪ್ಸಂ ಅವಶ್ಯಕತೆ’ ಎಂದು ಸ್ಪಷ್ಟವಾಗಿ ಬರೆದು ಕೊಡಿ. ಕೇಳದಿದ್ದರೆ ಈ ಪರೀಕ್ಷೆ ಆಗುವುದಿಲ್ಲ.

ಜಿಪ್ಸಂ: ಪಕ್ಕದ ಹೊಲದ ಲೆಕ್ಕ ನಿಮ್ಮದಲ್ಲ

ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಜೇಡಿಯಿಂದ ಸೋಡಿಯಂ ಅನ್ನು ಹೊರದಬ್ಬಿ ಅದರ ಜಾಗದಲ್ಲಿ ಕೂರುತ್ತದೆ. ಎಷ್ಟು ಬೇಕೆಂಬುದು ಎಷ್ಟು ಸೋಡಿಯಂ ಹೊರಹೋಗಬೇಕೆಂಬುದರ ಮೇಲೆ ನಿಂತಿದೆ. ಮೇಲಿನ 15 ಸೆಂ.ಮೀ. ಮಣ್ಣಿನಲ್ಲಿ ಪ್ರತಿ ಕಿಲೋಗ್ರಾಂಗೆ ಒಂದು ಸೆಂಟಿಮೋಲ್ ಸೋಡಿಯಂ ತೆಗೆಯಲು ಹೆಕ್ಟೇರಿಗೆ ಸುಮಾರು 1.9 ಟನ್ ಶುದ್ಧ ಜಿಪ್ಸಂ ಬೇಕು.

ಒಂದು ಉದಾಹರಣೆ ನೋಡೋಣ. ಎರಡು ಹೊಲಗಳಲ್ಲಿಯೂ ಸೋಡಿಯಂ ಪಾಲು ಶೇ. 25, ಅದನ್ನು ಶೇ. 10ಕ್ಕೆ ಇಳಿಸಬೇಕು. ಒಂದು ಹೊಲ ಮಸಾರಿ, ಅದರ ಅಯಾನು ವಿನಿಮಯ ಸಾಮರ್ಥ್ಯ 10 ಸೆಂಟಿಮೋಲ್. ಇನ್ನೊಂದು ಎರೆ, ಅದರ ಸಾಮರ್ಥ್ಯ 50. ಮಸಾರಿಯಿಂದ ತೆಗೆಯಬೇಕಾದದ್ದು 1.5 ಸೆಂಟಿಮೋಲ್, ಎರೆಯಿಂದ 7.5. ಎಕರೆಗೆ ಲೆಕ್ಕ ಹಾಕಿದರೆ ಮಸಾರಿಗೆ ಸುಮಾರು 1.2 ಟನ್, ಎರೆಗೆ ಸುಮಾರು 5.9 ಟನ್. ಐವತ್ತು ಕಿಲೋ ಚೀಲದ ಲೆಕ್ಕದಲ್ಲಿ ಒಂದು ಕಡೆ 24 ಚೀಲ, ಇನ್ನೊಂದು ಕಡೆ 118 ಚೀಲ. ಮಾರುಕಟ್ಟೆಯ ಜಿಪ್ಸಂ ಪೂರ್ತಿ ಶುದ್ಧವಿರುವುದಿಲ್ಲ, ಶೇ. 80 ಶುದ್ಧತೆಯಿದ್ದರೆ ಮಸಾರಿಗೆ 30 ಚೀಲ ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಪ್ರಯೋಗಾಲಯ ತೋರಿಸಿದ ಅವಶ್ಯಕತೆಯ ಅರ್ಧದಷ್ಟನ್ನು ಮೊದಲು ಕೊಟ್ಟು, ಫಲಿತಾಂಶ ನೋಡಿ ಮುಂದುವರಿಯುವುದು ರೂಢಿ.

ಈ ಲೆಕ್ಕದಲ್ಲಿ ಮಸಾರಿ ರೈತನಿಗೆ ಒಳ್ಳೆಯ ಸುದ್ದಿಯಿದೆ. ಎರೆ ಹೊಲದವರ ಖರ್ಚು ಕೇಳಿ ಹಿಂಜರಿದವರು ತಮ್ಮ ಮಣ್ಣನ್ನು ಪರೀಕ್ಷಿಸಿದರೆ, ಕೈಗೆಟುಕುವ ಮೊತ್ತದಲ್ಲಿ ಕೆಲಸ ಆರಂಭಿಸಬಹುದು. ಎಚ್ಚರಿಕೆಯೂ ಇದೆ: ಮಸಾರಿಗೆ ಧಾರಣ ಶಕ್ತಿ ಕಡಿಮೆಯಾದ್ದರಿಂದ ಕೆಟ್ಟ ನೀರು ಹಾಯಿಸಿದರೆ ಅದು ಅಷ್ಟೇ ಬೇಗ ಮತ್ತೆ ಕೆಡುತ್ತದೆ. ಗಂಧಕದ ಬಳಕೆಯ ಸಲಹೆಯನ್ನೂ ನೀವು ಕೇಳಿರಬಹುದು. ಮಣ್ಣಿನಲ್ಲಿ ಸುಣ್ಣವಿದ್ದರೆ ಮಾತ್ರ ಗಂಧಕ ಕೆಲಸ ಮಾಡುತ್ತದೆ, ಅದೂ ನಿಧಾನವಾಗಿ. ದುರ್ಬಲ ಆಮ್ಲದ ಹನಿ ಬಿದ್ದಾಗ ನೊರೆ ಬಾರದ ಮಸಾರಿಗೆ ಜಿಪ್ಸಂ ಒಂದೇ ದಾರಿ. ಗರಸು ಅಥವಾ ಕೆಂಪು ಮಣ್ಣು ಹೇರಿಸುವುದರಿಂದ ಮೇಲ್ಮೈ ಹಗುರವಾಗಬಹುದು; ಕೆಳಗಿನ ಸೋಡಿಯಂ ಇದ್ದಲ್ಲಿಯೇ ಇರುತ್ತದೆ.

ಮೊದಲ ಮಳೆಗೆ ಮುನ್ನ

ಸಾವಿರ ಲೀಟರ್ ನೀರಿನಲ್ಲಿ ಕರಗುವ ಜಿಪ್ಸಂ ಎರಡರಿಂದ ಎರಡೂವರೆ ಕಿಲೋ ಮಾತ್ರ. ಮೇಲಿನ ಉದಾಹರಣೆಯ ಮಸಾರಿ ಎಕರೆಗೆ ಹಾಕಿದ ಜಿಪ್ಸಂ ಕರಗಲು 12ರಿಂದ 15 ಸೆಂ.ಮೀ. ನೀರು ಬೇಕು. ಅಂದರೆ ನಾಲೆ ನೀರಿಲ್ಲದ ವರ್ಷದಲ್ಲಿಯೂ ಮುಂಗಾರಿನ ಮಳೆಯೊಂದೇ ಈ ಕೆಲಸಕ್ಕೆ ಸಾಕಾಗಬಹುದು, ಮಳೆ ಬೀಳುವ ಮೊದಲೇ ಜಿಪ್ಸಂ ಮಣ್ಣಿನಲ್ಲಿದ್ದರೆ. ಮಳೆ ಮೊದಲು ಬಿದ್ದರೆ ಆ ಶುದ್ಧ ನೀರೇ ಮೇಲ್ಮಣ್ಣನ್ನು ಚದುರಿಸಿ ಹೆಪ್ಪುಗಟ್ಟಿಸುತ್ತದೆ. ಅನಂತರ ಹಾಕಿದ ಜಿಪ್ಸಂ ಹರಿಯುವ ನೀರಿನೊಡನೆ ಹಳ್ಳ ಸೇರುತ್ತದೆ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ನಾಲೆ ನಿಂತು ಅಂತರ್ಜಲ ಇಳಿದಿರುವ ಈ ತಿಂಗಳುಗಳಲ್ಲಿ ಗುಂಡಿ ತೋಡಿ ಪರೀಕ್ಷೆ ಮಾಡಿಸಿ. ಬಸಿಗಾಲುವೆಗಳ ಹೂಳು ತೆಗೆಯಲು ಇದಕ್ಕಿಂತ ಅನುಕೂಲದ ಕಾಲ ಇನ್ನೊಂದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಒಡ್ಡುಗಳನ್ನು ಭದ್ರಪಡಿಸಿ, ಹೊಲವನ್ನು ಚಿಕ್ಕ ಮಡಿಗಳಾಗಿ ವಿಂಗಡಿಸಿ. ಜಿಪ್ಸಂ ಅನ್ನು ಸಮನಾಗಿ ಹರಡಿ ಮೇಲಿನ ನಾಲ್ಕು ಅಂಗುಲ ಮಣ್ಣಿನಲ್ಲಿ ಮಾತ್ರ ಬೆರೆಸಿ. ಗಟ್ಟಿ ಪದರ ಒಂದರಿಂದ ಒಂದೂವರೆ ಅಡಿಯಲ್ಲಿದ್ದರೆ, ಮಣ್ಣು ಒಣಗಿರುವಾಗಲೇ ಚಿಸೆಲ್ ನೇಗಿಲಿನಿಂದ ಸೀಳಿ, ಆ ಸೀಳುಗಳಲ್ಲಿ ಜಿಪ್ಸಂ ಇಳಿಯುವಂತೆ ಮಾಡಿ. ಜಿಪ್ಸಂ ಇಲ್ಲದೆ ಬರಿದೆ ಸೀಳಿದರೆ ಒಂದೆರಡು ಮಳೆಗೆ ಅದು ಮತ್ತೆ ಮುಚ್ಚಿಕೊಳ್ಳುತ್ತದೆ.

ಮಳೆ ಬಿದ್ದೊಡನೆ ಎಕರೆಗೆ ಸುಮಾರು 20 ಕೆ.ಜಿ. ಡಯಾಂಚ ಬಿತ್ತಿ, 45 ದಿನಕ್ಕೆ ಮಣ್ಣಿಗೆ ಸೇರಿಸಿ. ಅದು ಕ್ಷಾರ ಸಹಿಸುತ್ತದೆ. ಅದರ ಬೇರು ಮತ್ತು ಕೊಳೆಯುವ ಎಲೆ ಎರಡೂ ಜಿಪ್ಸಂನ ಕೆಲಸಕ್ಕೆ ನೆರವಾಗುತ್ತವೆ. ಮೊದಲ ವರ್ಷ ತೊಗರಿ, ಕಡಲೆ, ಹೆಸರು, ಶೇಂಗಾ ಬೇಡ. ಇವು ಕ್ಷಾರಕ್ಕೆ ಬೇಗ ಸೋಲುತ್ತವೆ. ಸಜ್ಜೆ, ಜೋಳ, ಹತ್ತಿ ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತವೆ. ನೀರು ಖಚಿತವಿರುವ ತಗ್ಗು ಹೊಲಕ್ಕೆ ಕ್ಷಾರಸಹಿಷ್ಣು ಭತ್ತದ ತಳಿ ಹೊಂದುತ್ತದೆ. ಈ ಮಣ್ಣಿನಲ್ಲಿ ಯೂರಿಯಾದ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುವುದು ಹೆಚ್ಚು. ಶಿಫಾರಸಿಗಿಂತ ಕಾಲುಭಾಗ ಅಧಿಕವನ್ನು ಹಲವು ಕಂತುಗಳಲ್ಲಿ ಕೊಡಿ. ಎಕರೆಗೆ 10 ಕೆ.ಜಿ. ಸತುವಿನ ಸಲ್ಫೇಟ್ ಮರೆಯಬೇಡಿ.

ನಾಲೆಯಿಲ್ಲದ ಬೇಸಿಗೆಯಲ್ಲಿ ಬೋರ್‌ವೆಲ್ ಕಡೆ ಕೈಚಾಚುವುದು ಅನಿವಾರ್ಯವಾಗಬಹುದು. ಆ ನೀರಿನ ‘ಉಳಿಕೆ ಸೋಡಿಯಂ ಕಾರ್ಬೊನೇಟ್’ ಪರೀಕ್ಷಿಸದೆ ಮಸಾರಿಗೆ ಹಾಯಿಸಬೇಡಿ. ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್ ಒಳಗಿದ್ದರೆ ಸುರಕ್ಷಿತ, 2.5 ದಾಟಿದರೆ ಹಾಗೆಯೇ ಬಳಸಬಾರದು. ಹೆಚ್ಚುವರಿ ಇರುವ ಪ್ರತಿಯೊಂದು ಮಿಲಿ ಈಕ್ವಿವಲೆಂಟನ್ನು ಸರಿದೂಗಿಸಲು, ಎಕರೆಗೆ ಒಂದು ಅಂಗುಲ ನೀರಿಗೆ ಸುಮಾರು 9 ಕೆ.ಜಿ. ಶುದ್ಧ ಜಿಪ್ಸಂ ಬೇಕಾಗುತ್ತದೆ. ಈ ಬೆಲೆಯನ್ನೂ ಸೇರಿಸಿ ಬೇಸಿಗೆ ಬೆಳೆಯ ಲಾಭನಷ್ಟ ಎಣಿಸಿ.

ದೇವದುರ್ಗಕ್ಕೆ ಇನ್ನೂ ಕಾಲವಿದೆ

ಮಾನ್ವಿಯ ಹೊಲಗಳಲ್ಲಿ ನಾವು ಉಪಚಾರದ ಮಾತಾಡುತ್ತಿದ್ದರೆ, ದೇವದುರ್ಗದಲ್ಲಿ ತಡೆಗಟ್ಟುವ ಮಾತಾಡಲು ಇನ್ನೂ ಅವಕಾಶವಿದೆ. ಬಸವಸಾಗರದಿಂದ ಬರುವ ನಾರಾಯಣಪುರ ಬಲದಂಡೆ ನಾಲೆ ತುಂಗಭದ್ರೆಗಿಂತ ಎಷ್ಟೋ ಕಿರಿಯದು. ತಾಲ್ಲೂಕಿನ ಎತ್ತರದ ಮಸಾರಿ ಹೊಲಗಳು ಹತ್ತಿ, ತೊಗರಿ, ಶೇಂಗಾ, ಮೆಣಸಿನಕಾಯಿಗೆ ಹೇಳಿಮಾಡಿಸಿದಂಥವು. ಅಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆದರೆ ಮಾನ್ವಿ ಕಡೆ ದಶಕಗಳಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ. ಹಗುರ ಮಣ್ಣಾದ್ದರಿಂದ ಬಹುಶಃ ಇನ್ನೂ ಬೇಗ. ತಗ್ಗಿನ ಹೊಲಗಳ ಬಾವಿ–ಬೋರ್‌ಗಳಲ್ಲಿ ಮಳೆಗಾಲದ ನಂತರ ನೀರು ಒಂದೂವರೆ ಮೀಟರಿಗಿಂತ ಮೇಲೆ ನಿಂತರೆ ಅದನ್ನು ನೀರಿನ ಸಮೃದ್ಧಿಯೆಂದು ಸಂತೋಷಪಡದೆ ಎಚ್ಚರಿಕೆಯೆಂದು ತಿಳಿಯಿರಿ.

ಜಿಪ್ಸಂ ಒಬ್ಬ ರೈತ ತನ್ನ ಹೊಲಕ್ಕೆ ಹಾಕಿಕೊಳ್ಳಬಹುದು. ಬಸಿಗಾಲುವೆ ಒಬ್ಬನ ಕೆಲಸವಲ್ಲ. ಹೊರಬಿದ್ದ ಸೋಡಿಯಂ ಹೊಲದಾಚೆ ಹೋಗಲು ದಾರಿಯಿಲ್ಲದಿದ್ದರೆ ಅದು ಬೇಸಿಗೆಯಲ್ಲಿ ಮೇಲೇರಿ ಹಳೆಯ ಜಾಗಕ್ಕೇ ಮರಳುತ್ತದೆ. ಮೇಲಿನ ಹೊಲದವರೂ ಕೆಳಗಿನ ಹೊಲದವರೂ ಒಂದೇ ನೀರು ಬಳಕೆದಾರರ ಸಹಕಾರ ಸಂಘದ ಸಭೆಯಲ್ಲಿ ಕುಳಿತು, ಹಳ್ಳದವರೆಗಿನ ಬಸಿಗಾಲುವೆಯ ನಕ್ಷೆ ಹಾಕಿ, ಮುನಿರಾಬಾದಿನ ಅಚ್ಚುಕಟ್ಟು ಪ್ರಾಧಿಕಾರದ ಮುಂದೆ ಒಂದಾಗಿ ಇಡಬೇಕು. ಗೇಟುಗಳ ಬಗ್ಗೆ ಕೇಳಿದಷ್ಟೇ ಗಟ್ಟಿಯಾಗಿ ಬಸಿಗಾಲುವೆಗಳ ಬಗ್ಗೆಯೂ ಕೇಳುವ ಹಕ್ಕು ನಾಲೆಯ ಕೊನೆಯ ರೈತನಿಗಿದೆ. ಮಣ್ಣು ಆರೋಗ್ಯ ಚೀಟಿಯ ಪಟ್ಟಿಗೆ, ಕನಿಷ್ಠ ನಮ್ಮಂಥ ಅಚ್ಚುಕಟ್ಟು ತಾಲ್ಲೂಕುಗಳಲ್ಲಿ, ಒಳಪದರದ ಸೋಡಿಯಂ ಅಂಕಿ ಸೇರಬೇಕೆಂಬುದೂ ಅದರಷ್ಟೇ ನ್ಯಾಯವಾದ ಬೇಡಿಕೆ.

ಮಾದರಿ ತೆಗೆಯುವ ವಿಧಾನ ಮತ್ತು ಜಿಪ್ಸಂ ಲಭ್ಯತೆಯ ಕುರಿತು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸವಳು–ಕ್ಷಾರ ಮಣ್ಣುಗಳ ಬಗ್ಗೆ ಹೆಚ್ಚಿನ ತಾಂತ್ರಿಕ ಮಾಹಿತಿಗೆ ರಾಯಚೂರು ನಗರದಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಆವರಣವನ್ನಾಗಲಿ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು. ಬರುವಾಗ ಮೇಲ್ಮಣ್ಣಿನ ಜೊತೆಗೆ ಮೂರು ಅಡಿ ಆಳದ ಮಣ್ಣನ್ನೂ ತನ್ನಿ.